ಎರಡರಲ್ಲಿ ಒಂದು ಕದಲದಿದ್ದರೆ

ಸುಚಿತ್ರಾಗೆ ನಲವತ್ತೊಂದು ತುಂಬಿದ ತಿಂಗಳೇ ಅವಳ ಥೀಸಿಸ್ಸು ಬೈಂಡ್ ಆಗಿ ಕೈಗೆ ಬಂತು. ಕಡುನೀಲಿ ರಟ್ಟು, ಮೇಲೆ ಹೊಂಬಣ್ಣದ ಅಕ್ಷರ, ಒಳಗೆ ನೂರ ಮೂವತ್ತಾರು ಪುಟ. ಸರಸ್ವತಿಪುರಂನ ಬೈಂಡಿಂಗ್ ಅಂಗಡಿಯಿಂದ ಐದು ಪ್ರತಿಗಳನ್ನು ಬಟ್ಟೆಚೀಲಕ್ಕೆ ತುಂಬಿ, ಚೀಲವನ್ನು ಸ್ಕೂಟರಿನ ಮುಂದೆ ಎರಡೂ ಕಾಲಿನ ನಡುವೆ ಭದ್ರವಾಗಿ ಇಟ್ಟುಕೊಂಡು ರಾಮಕೃಷ್ಣನಗರದ ಮನೆಗೆ ಬಂದಳು. ಅವಳ ತಂದೆ ಬೀರಯ್ಯ ಅವತ್ತು ಮಗಳ ಮನೆಯಲ್ಲೇ ಇದ್ದರು. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟು, ಮೂವತ್ತು ವರ್ಷ ಹೆಬ್ಬಾಳದ ಕಾರ್ಖಾನೆಯೊಂದರ ಶಿಫ್ಟ್ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ತಿರುವಿದರು.

"ನಂಗೆ ಒಂದಕ್ಸರನೂ ಅರ್ಥ ಆಗಕಿಲ್ಲ ಕಣವ್ವ. ಇದೆಲ್ಲ ನೀನೇ ಬರ್ದಿದ್ದಾ?"

"ನಾನೇ ಕಣಪ್ಪ."

"ಎಲ್ಲಾ ಸರಿಯಾಗೈತಾ?"

"ಸರಿಯಾಗಿದೆ," ಅಂದಳು ಸುಚಿತ್ರಾ. ಆ ಮಾತನ್ನು ಅವಳು ಪೂರ್ತಿ ನಂಬಿಯೇ ಹೇಳಿದ್ದಳು.

ಅಷ್ಟು ದೂರ ಬರಲು ಅವಳಿಗೆ ಬಹಳ ಕಾಲ ಹಿಡಿದಿತ್ತು. ಮಾನಸಗಂಗೋತ್ರಿಯಲ್ಲಿ ಗಣಿತದ ಎಂಎಸ್ಸಿ ಮುಗಿಸಿದ ವರ್ಷವೇ ಸಂಶೋಧನೆಗೆ ಸೇರಬೇಕೆಂದಿದ್ದವಳು. ಮದುವೆಯಾಯಿತು, ಮಗಳು ಸುಷ್ಮಿತಾ ಹುಟ್ಟಿದಳು, ಅತ್ತೆ ಹಾಸಿಗೆ ಹಿಡಿದರು; ಹತ್ತು ವರ್ಷ ಹೋಗಿದ್ದೇ ತಿಳಿಯಲಿಲ್ಲ. ಗಂಡ ಹರೀಶ್ ಹೆಬ್ಬಾಳದಲ್ಲಿ ಮೆಷಿನ್ ಆಪರೇಟರ್, ವಾರಕ್ಕೊಂದು ಶಿಫ್ಟು. ಅವಳು ಸರ್ಕಾರಿ ಮಹಿಳಾ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಪ್ರತಿ ವರ್ಷ ಹೊಸದಾಗಿ ಆದೇಶ ಬರಬೇಕು. "ಹದಿಮೂರು ವರ್ಷ ಉಳ್ಕೊಂಡೋರನ್ನ ಯಾವ ಮನೇಲಿ ಅತಿಥಿ ಅಂತಾರೆ?" ಎಂದು ಸ್ಟಾಫ್ ರೂಮಿನಲ್ಲಿ ಕೇಳಿ ತಾನೇ ನಗುತ್ತಿದ್ದಳು.

ಮೂವತ್ತನಾಲ್ಕನೇ ವಯಸ್ಸಿನಲ್ಲಿ ಒಂದು ಭಾನುವಾರ ಅವಳು ಕುವೆಂಪುನಗರದ ಅಶ್ವತ್ಥ ಸರ್ ಮನೆಯ ಗೇಟು ತೆಗೆದಳು. ಎಂಎಸ್ಸಿಯಲ್ಲಿ ಅವಳಿಗೆ ಟೋಪಾಲಜಿ ಪಾಠ ಮಾಡಿದವರು ಅವರು. ಅವರ ಮುತ್ತಾತ ಅರಮನೆಗೆ ಪಂಚಾಂಗ ಬರೆದುಕೊಡುತ್ತಿದ್ದರಂತೆ; ಮರಿಮಕ್ಕಳ ಕಾಲಕ್ಕೆ ಮನೆಯಲ್ಲಿ ಉಳಿದದ್ದು ಲೆಕ್ಕದ ಹುಚ್ಚು ಮಾತ್ರ. ಜಗಲಿಯ ಗೋಡೆಗೆ ಒಂದು ಕರಿಹಲಗೆ, ಅದರ ಕೆಳಗೆ ಸೀಮೆಸುಣ್ಣದ ಡಬ್ಬ.

"ನಿವೃತ್ತಿಗೆ ನಾಲ್ಕು ವರ್ಷ ಇದೆ," ಅಂದಿದ್ದರು ಸರ್. "ನಿಮ್ಮನ್ನ ತಗೊಂಡ್ರೆ ನೀವೇ ನನ್ನ ಕಡೇ ವಿದ್ಯಾರ್ಥಿ. ಅರ್ಧಕ್ಕೆ ಬಿಡೋ ಹಾಗಿಲ್ಲ."

"ಬಿಡಲ್ಲ ಸರ್."

ಹಾಗೆ ಶುರುವಾದದ್ದು. ಬೆಳಿಗ್ಗೆ ಐದಕ್ಕೆ ಎದ್ದು, ಹರೀಶನಿಗೆ ಫಸ್ಟ್ ಶಿಫ್ಟ್ ಇದ್ದರೆ ಡಬ್ಬಿ ಕಟ್ಟಿ ಬಸ್ಸಿಗೆ ಕಳಿಸಿ, ಏಳೂವರೆವರೆಗೆ ಅಡುಗೆಮನೆಯ ಮೇಜಿನ ಮೇಲೆ ಲೆಕ್ಕ. ಏಳು ವರ್ಷ ಹೀಗೇ ನಡೆಯಿತು. ಸರ್ ನಿವೃತ್ತರಾದ ಮೇಲೂ ವಿಶ್ವವಿದ್ಯಾಲಯ ಅವರನ್ನೇ ಗೈಡ್ ಆಗಿ ಮುಂದುವರಿಸಿತು. ಥೀಸಿಸ್ ಸಲ್ಲಿಸಿದ ಎರಡು ತಿಂಗಳಿಗೆ ಇಬ್ಬರು ಪರೀಕ್ಷಕರಲ್ಲಿ ಒಬ್ಬರ ವರದಿ ಬಂತು, ಚೆನ್ನಾಗಿದೆ ಎಂದು. ಇದೇ ಸಮಯಕ್ಕೆ ಮಂಡಕಳ್ಳಿಯ ಕಡೆಯ ಖಾಸಗಿ ಕಾಲೇಜೊಂದು ಅವಳನ್ನು ಸಂದರ್ಶನಕ್ಕೆ ಕರೆದು, ಮೇ ತಿಂಗಳೊಳಗೆ ಪಿಎಚ್‌ಡಿ ಕೈಗೆ ಬಂದರೆ ಜೂನಿನಿಂದ ಕಾಯಂ ಕೆಲಸ ಎಂದು ಹೇಳಿತ್ತು. ಇನ್ನೊಬ್ಬರ ವರದಿ, ಆಮೇಲೆ ವೈವಾ, ಅಂದರೆ ಮೌಖಿಕ ಪರೀಕ್ಷೆ, ಇಷ್ಟು ಬಾಕಿ.

ಫೆಬ್ರವರಿಯ ಒಂದು ಮಧ್ಯಾಹ್ನ ಬಿಎಸ್ಸಿ ಕೊನೇ ವರ್ಷದವರಿಗೆ ಪಾಠ ಬೇಗ ಮುಗಿಯಿತು. ಇನ್ನೂ ಇಪ್ಪತ್ತು ನಿಮಿಷ ಇತ್ತು.

"ಮೇಡಂ, ನಿಮ್ಮ ಪಿಎಚ್‌ಡಿ ಯಾವುದರ ಮೇಲೆ ಅಂತ ಹೇಳಿ," ಅಂದಳು ಎರಡನೇ ಬೆಂಚಿನ ಅನುಪಮಾ. ಪ್ರಶ್ನೆ ಕೇಳುವುದರಲ್ಲಿ ಸಂಕೋಚವಿಲ್ಲದ ಹುಡುಗಿ.

ಸುಚಿತ್ರಾಗೆ ಖುಷಿಯಾಯಿತು. ಬೋರ್ಡಿನ ಮೇಲೆ ಒಂದು ದೊಡ್ಡ ವೃತ್ತ ಬರೆದಳು.

"ಇದು ರಿಂಗ್ ರೋಡು. ಎರಡು ಬಸ್ಸು ಇವೆ. ಬೆಳಿಗ್ಗೆ ಹೊರಟ ಜಾಗಕ್ಕೇ ಸಂಜೆ ಬಂದು ನಿಲ್ಲಬೇಕು. ಎರಡೂ ಒಂದೇ ದಿಕ್ಕಿಗೆ ಹೋಗೋದು. ಒಂದು ಬಸ್ಸು ದಿನಕ್ಕೆ ಮೂರು ಸುತ್ತು ಹಾಕುತ್ತೆ, ಇನ್ನೊಂದು ಒಂದೇ ಸುತ್ತು. ಡ್ರೈವರುಗಳು ಎಲ್ಲಿ ಬೇಕಾದರೂ ನಿಧಾನ ಮಾಡಲಿ, ಎಲ್ಲಿ ಬೇಕಾದರೂ ನಿಂತು ಟೀ ಕುಡೀಲಿ. ಒಂದು ಬಸ್ಸು ಇನ್ನೊಂದರ ಪಕ್ಕಕ್ಕೆ ಬರೋದನ್ನ ತಪ್ಪಿಸೋಕಾಗುತ್ತಾ?"

ಹುಡುಗಿಯರು ಗುಸುಗುಸು ಮಾತಾಡಿಕೊಂಡರು. ಆಗಲ್ಲ ಮೇಡಂ, ಕಡಿಮೆ ಅಂದ್ರೂ ಎರಡು ಸಲ ಸಿಗಲೇಬೇಕು, ಎಂದರು.

"ಸರಿ. ಎರಡೂ ಮೂರು ಮೂರು ಸುತ್ತು ಹಾಕಿದ್ರೆ?"

"ಒಂದು ಮುಂದೆ, ಒಂದು ಹಿಂದೆ ಹೋಗ್ತಾ ಇದ್ರೆ ಸಿಗೋದೇ ಇಲ್ಲ."

"ಅಷ್ಟೇ ನನ್ನ ವಿಷಯ. ಎರಡೂ ಒಂದೇ ಜಾಗಕ್ಕೆ ಬಂದು ಕೂಡೋ ಬಿಂದುವಿಗೆ ನಾನು ಕೂಡುಬಿಂದು ಅಂತೀನಿ. ಕೆಲವು ಕೂಡುಬಿಂದುಗಳನ್ನ ಸ್ವಲ್ಪ ಆಚೀಚೆ ಸರಿಸಿದ್ರೆ ತೆಗೆದುಹಾಕಬಹುದು. ಕೆಲವನ್ನ ಏನು ಮಾಡಿದ್ರೂ ತೆಗೆಯೋಕೆ ಆಗಲ್ಲ. ಹರಿಯಬಾರದು, ಕತ್ತರಿಸಬಾರದು, ಬರೀ ಎಳೆಯೋದು, ಸರಿಸೋದು. ಯಾವಾಗ ತೆಗೀಬಹುದು, ಯಾವಾಗ ಆಗಲ್ಲ ಅನ್ನೋದು ಪ್ರಶ್ನೆ."

ಅವಳು ತನ್ನ ಕರ್ಚೀಫನ್ನು ಮೇಜಿನ ಮೇಲೆ ಹರಡಿದಳು. ಅದೇ ಅಳತೆಯ ಅನುಪಮಾಳ ಕರ್ಚೀಫನ್ನು ಇಸಿದುಕೊಂಡು, ಮುದುಡಿ, ಮೊದಲಿನದರ ಅಂಚು ದಾಟದಂತೆ ಅದರ ಮೇಲಿಟ್ಟಳು. "ಕೆಳಗಿನದು ಕದಲಬಾರದು. ಮೇಲಿನದನ್ನ ಹೇಗೆ ಮುದುಡಿಟ್ಟರೂ ಅದರ ಯಾವುದೋ ಒಂದು ಬಿಂದು ಕೆಳಗಿನ ಬಟ್ಟೆಯ ಅದೇ ಬಿಂದುವಿನ ನೆತ್ತಿಯ ಮೇಲೇ ಕೂತಿರುತ್ತೆ. ಅದನ್ನ ತಪ್ಪಿಸೋಕೆ ಆಗಲ್ಲ. ಆದ್ರೆ ನಡುವೆ ತೂತಿರೋ ಬಟ್ಟೆ ಆದ್ರೆ ಕಥೆ ಬೇರೆ. ನಾನು ಮಾಡಿರೋದು ಅಂಥವು." ಬೋರ್ಡಿನ ಮೇಲೆ ಅಗಲ ಬಳೆಯಂಥ ಒಂದು ಪಟ್ಟಿ ಬರೆದು, ಥೀಸಿಸ್ಸಿನ ನಾಲ್ಕನೇ ಅಧ್ಯಾಯದ ಉಪಾಯ ತೋರಿಸಿದಳು. "ನೋಡಿ, ಒಂದನ್ನ ಒಳಗಿನ ಅಂಚಿನ ಕಡೆಗೆ ತಳ್ಳೋದು, ಇನ್ನೊಂದನ್ನ ಹೊರಗಿನ ಅಂಚಿನ ಕಡೆಗೆ. ಕೂಡುಬಿಂದು ಎಲ್ಲಿ ಉಳೀತು? ಹೋಯ್ತು!"

"ಮೇಡಂ," ಅಂದಳು ಅನುಪಮಾ, "ಕೆಳಗಿನದು ಕದಲಬಾರದು ಅಂದ್ರಲ್ಲ? ಈಗ ಎರಡನ್ನೂ ಸರಿಸಿಬಿಟ್ರಿ."

ಸುಚಿತ್ರಾ ನಕ್ಕಳು. "ಹೌದಲ್ಲ. ಅದಕ್ಕೊಂದು ಹಳೇ ಪ್ರಮೇಯ ಇದೆಯಮ್ಮ. ಎರಡನ್ನೂ ಸರಿಸಿ ಸಾಧಿಸಿದ್ದನ್ನ ಒಂದನ್ನೇ ಸರಿಸಿಯೂ ಸಾಧಿಸಬಹುದು ಅಂತ."

"ಕರ್ಚೀಫಿಗೂ ಅದು ಅನ್ವಯಿಸುತ್ತಾ ಮೇಡಂ? ಎರಡನ್ನೂ ಸರಿಸಬಹುದು ಅಂದ್ರೆ ಒಂದನ್ನ ಈ ಮೂಲೆಗೆ ಮುದುಡಿಡ್ತೀನಿ, ಇನ್ನೊಂದನ್ನ ಆ ಮೂಲೆಗೆ. ಆಯ್ತಲ್ಲ?"

ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಹುಡುಗಿಯರು ಎದ್ದರು. ಸುಚಿತ್ರಾ ಕರ್ಚೀಫು ವಾಪಸ್ಸು ಕೊಟ್ಟಳು, ಹಾಜರಿ ಪುಸ್ತಕ ಎತ್ತಿಕೊಂಡಳು. ಕಾರಿಡಾರಿನಲ್ಲಿ ಹತ್ತು ಹೆಜ್ಜೆ ನಡೆದವಳು ಹಾಗೇ ಕಂಬದ ಪಕ್ಕ ನಿಂತುಬಿಟ್ಟಳು. ಹುಡುಗಿ ಹೇಳಿದ್ದು ಸರಿ. ಕರ್ಚೀಫಿಗೆ ಆ ಹಳೇ ಪ್ರಮೇಯ ಅನ್ವಯಿಸುವುದಿಲ್ಲ. ಅದು ಅಂಚೇ ಇಲ್ಲದ ಆಕಾರಗಳಿಗೆ ಹೇಳಿದ್ದು, ಚೆಂಡಿನ ಮೈ ಇದ್ದ ಹಾಗೆ, ಟಯರಿನ ಟ್ಯೂಬಿನ ಮೈ ಇದ್ದ ಹಾಗೆ. ಅವಳ ಮೊದಲ ಮೂರು ಅಧ್ಯಾಯಗಳಲ್ಲಿ ಇದ್ದದ್ದು ಅಂಥವೇ. ನಾಲ್ಕನೆಯದರಲ್ಲಿ ಅಂಚಿರುವ ಹಾಳೆಗಳಿಗೆ ಬಂದಾಗ, 'ಎರಡನ್ನೂ ಸರಿಸಿದರೂ ಒಂದೇ' ಎಂಬ ಹಳೇ ವಾಕ್ಯ ಅವಳ ಜೊತೆಯಲ್ಲೇ ನಡೆದು ಬಂದಿತ್ತು. ಎಪ್ಪತ್ತೊಂದನೇ ಪುಟ, ಮೇಲಿನಿಂದ ಆರನೇ ಸಾಲು.

ಸ್ಟಾಫ್ ರೂಮಿಗೆ ಹೋಗಿ ನೋಡಿದಳು. ವಾಕ್ಯ ಅಲ್ಲೇ ಇತ್ತು. ಥೀಸಿಸ್ಸಿನ ಮುಖ್ಯ ಪ್ರಮೇಯ ಅದರ ಮೇಲೆ ನಿಂತಿತ್ತು. ಅದರ ಸಾಧನೆಯೇ ಮೂವತ್ತೆರಡು ಪುಟ.

ನೀರು ಕುಡಿದಳು. ಎದುರಿನ ಕುರ್ಚಿಯ ಇತಿಹಾಸದ ಮೇಡಂ "ಯಾಕ್ರೀ, ಹುಷಾರಿಲ್ವಾ?" ಅಂದರು. "ಏನಿಲ್ಲ, ಬಿಸಿಲು," ಅಂದಳು. ಮುಂದಿನ ಕ್ಲಾಸು ತೆಗೆದುಕೊಂಡಳು, ಅದನ್ನೂ ತಪ್ಪಿಲ್ಲದೆ ಮುಗಿಸಿದಳು. ಆಮೇಲೆ ಸ್ಕೂಟರು ಹತ್ತಿ ನೇರ ಕುವೆಂಪುನಗರಕ್ಕೆ ಹೋದಳು.

ಬಾಗಿಲು ತೆಗೆದವರು ಸರ್ ಹೆಂಡತಿ ರಮಾಮಣಿ. "ಬಾಮ್ಮ, ಏನು ಹೇಳದೆ ಕೇಳದೆ ಬಂದುಬಿಟ್ಟೆ? ಮುಖ ಯಾಕೆ ಹೀಗಾಗಿದೆ?"

"ಸರ್ ಇದ್ದಾರಾ ಅಮ್ಮ?"

ಜಗಲಿಯ ಹಲಗೆಯ ಮೇಲೆ ಅವಳು ಬರೆದಳು. ಸರ್ ಕುರ್ಚಿಯಲ್ಲಿ ಕೂತು ನೋಡಿದರು, ಎದ್ದು ಬಂದು ಹತ್ತಿರದಿಂದ ನೋಡಿದರು. ಥೀಸಿಸ್ ತರಿಸಿ ಎಪ್ಪತ್ತೊಂದನೇ ಪುಟ ತೆಗೆದರು. ರಮಾಮಣಿ ಎರಡು ಲೋಟ ಕಾಫಿ ತಂದಿಟ್ಟು ಸದ್ದಿಲ್ಲದೆ ಒಳಗೆ ಹೋದರು.

"ಹೌದು," ಅಂದರು ಸರ್ ಕೊನೆಗೆ. "ತಪ್ಪೇ. ನಾನು ಇದನ್ನ ಮೂರು ಸಲ ಓದಿದೀನಿ ಸುಚಿತ್ರಾ. ನನ್ನ ಕಣ್ಣಿಗೂ ಬೀಳಲಿಲ್ಲವಲ್ಲ."

"ನಾನು ಮೂವತ್ತು ಸಲ ಓದಿದೀನಿ ಸರ್."

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಕೇಳಿ. ಒಂದು ದಾರಿ ಇದೆ. ಪ್ರಮೇಯದ ಹೇಳಿಕೆಯಲ್ಲಿ 'ಮೊದಲನೆಯದು ಕದಲದಿರಲಿ' ಅಂತ ಬರೆದಿದೀರಿ. ಅದನ್ನ 'ಎರಡೂ ಕದಲಬಹುದು' ಅಂತ ಮಾಡಿ. ಸಾಧನೆಯಲ್ಲಿ ಏನೂ ಬದಲಾಯಿಸಬೇಕಾಗಿಲ್ಲ. ವೈವಾದಲ್ಲಿ ಒಂದು ತಿದ್ದುಪಡಿ ಹಾಳೆ ಕೊಟ್ಟರೆ ಮುಗೀತು. ಆಗ ಪ್ರಮೇಯ ನೂರಕ್ಕೆ ನೂರು ನಿಜ."

ಸುಚಿತ್ರಾ ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದಿದ್ದಳು.

"ನಿಜ ಆಗುತ್ತೆ ಸರ್. ಆದ್ರೆ ಎರಡೂ ಕದಲಬಹುದು ಅಂದ್ರೆ ನಮ್ಮ ತೂತಿನ ಹಾಳೆಗಳಲ್ಲಿ ಯಾವ ಕೂಡುಬಿಂದುವನ್ನಾದರೂ ತೆಗೀಬಹುದು. ಯಾವಾಗಲೂ. ಅದನ್ನ ಹೇಳೋಕೆ ನಾಲ್ಕು ಸಾಲು ಸಾಕು. ನನ್ನ ಮೂವತ್ತೆರಡು ಪುಟ ಯಾಕೆ?"

ಸರ್ ಆ ಮೂವತ್ತೆರಡು ಪುಟಗಳನ್ನು ತಿರುವಿದರು.

"ಒಂದನ್ನ ಹಿಡಿದುಕೊಂಡು ಇನ್ನೊಂದನ್ನ ಮಾತ್ರ ಸರಿಸಿದ್ರೆ ಏನಾಗುತ್ತೆ ಅನ್ನೋದು ಪ್ರಶ್ನೆ ಆಗಿತ್ತು ಸರ್. ಪ್ರಶ್ನೆನೇ ಬದಲಾಯಿಸಿ ಉತ್ತರ ಸರಿ ಮಾಡ್ಕೊಂಡ್ರೆ ನಾನೇನು ಮಾಡಿದ ಹಾಗಾಯ್ತು?"

"ಪಿಎಚ್‌ಡಿ ಆದ ಹಾಗಾಯ್ತು," ಅಂದರು ಸರ್, ಸ್ವಲ್ಪ ಒರಟಾಗಿಯೇ. "ನಿಮ್ಮ ಕಾಲಾವಧಿ ಆಗಸ್ಟಿಗೆ ಮುಗಿಯುತ್ತೆ. ಮತ್ತೆ ವಿಸ್ತರಣೆ ಇಲ್ಲ. ಏಳು ವರ್ಷದಲ್ಲಿ ಆಗದೆ ಇದ್ದದ್ದು ಆರು ತಿಂಗಳಲ್ಲಿ ಆಗುತ್ತಾ? ಆಗದಿದ್ದರೆ? ಕೈಗೆ ಬಂದದ್ದೂ ಹೋಗುತ್ತೆ."

"ಹೋಗಬಹುದು ಸರ್."

"ಮಂಡಕಳ್ಳಿ ಕಾಲೇಜಿನವರು ಮೇವರೆಗೆ ಮಾತ್ರ ಕಾಯ್ತಾರೆ ಅಂದಿದ್ರಿ."

"ಹೌದು ಸರ್. ಆದ್ರೂ ಥೀಸಿಸ್ ವಾಪಸ್ ತಗೋತೀನಿ."

ಅಶ್ವತ್ಥ ಸರ್ ಎದ್ದು ಹಲಗೆಯ ಹತ್ತಿರ ಹೋದರು. ಆಮೇಲೆ ಡಸ್ಟರು ತೆಗೆದುಕೊಂಡು ಅವಳು ಬರೆದಿದ್ದನ್ನೆಲ್ಲ ಒರೆಸಿ, ಮಧ್ಯದಲ್ಲಿ ಒಂದೇ ಒಂದು ಬಳೆಯಾಕಾರದ ಪಟ್ಟಿ ಬರೆದರು. "ಹಾಗಾದ್ರೆ ಒಂದು ತೂತಿನಿಂದ ಶುರು ಮಾಡಿ," ಅಂದರು. "ನಾಳೆ ಬೆಳಿಗ್ಗೆ ಬನ್ನಿ."

ಮನೆಯಲ್ಲಿ ಹರೀಶ್ ಜನರಲ್ ಶಿಫ್ಟ್ ಮುಗಿಸಿ ಬಂದು ಅಂಗಳದಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ ಪಂಪು ಕೆಳಗಿಟ್ಟ.

"ಯಾರಿಗಾದ್ರೂ ಗೊತ್ತಾಗ್ತಿತ್ತಾ ಸುಚಿ?"

"ಇವತ್ತು ಗೊತ್ತಾಗ್ತಿರಲಿಲ್ಲ. ಯಾವತ್ತೋ ಯಾರಿಗೋ ಗೊತ್ತಾಗ್ತಿತ್ತು. ನನಗಂತೂ ಗೊತ್ತಾಗ್ಬುಟ್ಟಿದೆಯಲ್ಲ."

ಹರೀಶನ ಮುಖ ಸಪ್ಪಗಾಯಿತು. ಮುಚ್ಚಿಡಲು ಅವನಿಗೆ ಬರುತ್ತಿರಲಿಲ್ಲ. ಮಂಡಕಳ್ಳಿ ಕೆಲಸದ ವಿಷಯ ಅವನು ಆಗಲೇ ಕಾರ್ಖಾನೆಯ ಗೆಳೆಯರಿಗೆಲ್ಲ ಹೇಳಿಯಾಗಿತ್ತು. ಚಕ್ರವನ್ನೊಮ್ಮೆ ತಿರುಗಿಸಿ ನೋಡಿದ.

"ನಮ್ಮಲ್ಲಿ ಒಂದು ಪಾರ್ಟು ಅಳತೆ ತಪ್ಪಿದ್ರೆ ರಿಜೆಕ್ಟ್ ಡಬ್ಬಕ್ಕೆ ಹಾಕ್ತೀವಿ," ಅಂದ. "ಯಾರೂ ನೋಡ್ಲಿಲ್ಲ ಅಂತ ಒಳ್ಳೇದರ ಜೊತೆ ಸೇರಿಸೋನೂ ಇರ್ತಾನೆ. ಅವನ ಜೊತೆ ನಾನು ಟೀಗೆ ಹೋಗಲ್ಲ." ಮತ್ತೆ ಪಂಪು ಎತ್ತಿಕೊಂಡ. "ವಾಪಸ್ ತಗೊ ಬುಡು."

ವಾಪಸ್ಸು ತೆಗೆದುಕೊಳ್ಳುವುದು ಕೂಡ ಸುಲಭವಾಗಲಿಲ್ಲ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಸೂಪರಿಂಟೆಂಡೆಂಟ್ ಸಿದ್ದಪ್ಪಾಜಿ ಅವಳ ಅರ್ಜಿಯನ್ನು ಎರಡು ಸಲ ಓದಿದರು.

"ಮೇಡಂ, ವರದಿ ಬೇಗ ತರಿಸಿಕೊಡಿ ಅಂತ ಕೇಳೋಕೆ ಬರ್ತಾರೆ. ವೈವಾ ಬೇಗ ಇಡಿ ಅಂತ ಬರ್ತಾರೆ. ಥೀಸಿಸ್ ವಾಪಸ್ ಕೊಡಿ ಅಂತ ನನ್ನ ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಯಾರೂ ಬಂದಿಲ್ಲ ಕಣ್ರೀ. ಇದಕ್ಕೆ ಫಾರಮ್ಮೇ ಇಲ್ಲ."

"ಹಾಗಾದ್ರೆ ಬಿಳೀ ಹಾಳೇಲಿ ಬರ್ಕೊಡ್ತೀನಿ ಸರ್."

"ಕಾರಣ ಏನಂತ ಬರೀತೀರಾ?"

"ತಪ್ಪಿದೆ ಅಂತ."

ಸಿದ್ದಪ್ಪಾಜಿ ಅವಳ ಮುಖ ನೋಡಿದರು. "ಅಷ್ಟು ನೇರವಾಗಿ ಬೇಡ. 'ಪರಿಷ್ಕರಣೆಗಾಗಿ' ಅಂತ ಬರೀರಿ. ನಾನು ಮೇಲಕ್ಕೆ ಕಳಿಸ್ತೀನಿ." ನಾಲ್ಕು ಸಲ ಓಡಾಡಿದ ಮೇಲೆ ಅನುಮತಿ ಬಂತು: ಆಗಸ್ಟ್ ಮೂವತ್ತೊಂದರೊಳಗೆ ಮರುಸಲ್ಲಿಕೆ, ತಪ್ಪಿದರೆ ನೋಂದಣಿ ರದ್ದು.

ಮಂಡಕಳ್ಳಿ ಕಾಲೇಜಿಗೆ ಅವಳೇ ಫೋನು ಮಾಡಿ ಹೇಳಿದಳು. ಪ್ರಾಂಶುಪಾಲರು ಮರ್ಯಾದೆಯಿಂದಲೇ ಮಾತಾಡಿದರು, ಕಾಯಲು ಆಗುವುದಿಲ್ಲ ಎಂದರು. ಜೂನಿನಲ್ಲಿ ಆ ಜಾಗಕ್ಕೆ ವಾಗೀಶ ಎಂಬ ಯುವಕ ಸೇರಿದ ಸುದ್ದಿ ಬಂತು. ಅವನು ಅವಳಿಗೆ ಗೊತ್ತಿದ್ದವನೇ, ಒಳ್ಳೆಯ ಹುಡುಗ. ಫೋನು ಮಾಡಿ ಅಭಿನಂದಿಸಿದಳು. ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು.

ಕೆಲಸ ಮಾತ್ರ ನಿಲ್ಲಲಿಲ್ಲ. ಮಾರ್ಚಿನಲ್ಲಿ ಅವಳು ಬಳೆಯ ಪಟ್ಟಿಯನ್ನು ಹಿಡಿದಳು. ಮೊದಲಿಗೆ ಹೊಸದೇನೂ ಹೊಳೆಯಲಿಲ್ಲ. ಹಳೇ ಉಪಾಯಗಳೆಲ್ಲ ಎರಡನ್ನೂ ಸರಿಸುವಂಥವೇ. ಬೀರಯ್ಯ ಒಂದು ದಿನ ಬಂದಾಗ ಅವಳು ಮೇಜಿನ ಮೇಲೆ ಬಳೆ, ದಾರ ಹರವಿಕೊಂಡು ಕೂತಿದ್ದಳು.

"ಏನವ್ವ ಇದು?"

ಅವಳು ರಸ್ತೆಯ ಲೆಕ್ಕದಲ್ಲೇ ಹೇಳಿದಳು. ಎರಡು ಬಸ್ಸು, ಒಂದು ಮೂರು ಸುತ್ತು, ಒಂದು ಒಂದು ಸುತ್ತು. ಅಗಲ ರಸ್ತೆಯಾದರೆ ಒಂದು ಒಳಗಿನ ಅಂಚಿಗೆ, ಇನ್ನೊಂದು ಹೊರಗಿನ ಅಂಚಿಗೆ ಹೋಗಿ ತಪ್ಪಿಸಿಕೊಳ್ಳಬಹುದು. ಆದರೆ ಒಂದು ಮಾತ್ರ ತಾನಿದ್ದಲ್ಲಿಂದ ಸರಿಯುವುದೇ ಇಲ್ಲ ಅಂದರೆ?

"ಆ ಸರೀದಿರೋ ಬಸ್ಸು ಎಷ್ಟು ಅಗಲ ಐತೆ?" ಅಂದರು ಬೀರಯ್ಯ. "ನಮ್ಮ ಡಿಪೋ ತಾವ ಒಂದು ದಿನ ಮರ ಸಾಗ್ಸೋ ಲಾರಿ ಅಡ್ಡ ನಿಂತ್ಕೊಂಡ್ಬುಡ್ತು. ಈ ಅಂಚಿಂದ ಆ ಅಂಚಿಗೆ. ಎಂಗೆ ಸರಿದ್ರೂ ಅದ್ರ ಮುಂದ್ಕೇ ಬತ್ತಿದ್ವಿ."

ಅಪ್ಪ ಹೇಳಿದ್ದು ಅವಳ ಲೆಕ್ಕಕ್ಕೆ ನೇರ ಉತ್ತರವೇನಲ್ಲ. ಆದರೆ ಅವಳ ಗಮನ ಅಂಚುಗಳ ಕಡೆ ತಿರುಗಿತು. ಹಾಳೆಯ ಪ್ರತಿ ಬಿಂದುವೂ ಎಲ್ಲಿಗೆ ಹೋಗಿ ಕೂರುತ್ತದೆ ಎಂದು ಹೇಳುವ ನಿಯಮಕ್ಕೆ ಗಣಿತದವರು ಮ್ಯಾಪು ಅನ್ನುತ್ತಾರೆ. ಕದಲದ ಮ್ಯಾಪು ಅಂಚನ್ನು ಅಂಚಿಗೇ ಒಯ್ಯುತ್ತದೆ ಎಂದಿಟ್ಟುಕೊಂಡರೆ, ಅದು ಪಟ್ಟಿಯ ಪೂರ್ತಿ ಅಗಲವನ್ನು ತುಂಬಿಕೊಂಡಿರುತ್ತದೆ. ಇನ್ನೊಂದಕ್ಕೆ ಪಕ್ಕದಿಂದ ನುಸುಳಲು ಜಾಗವೇ ಇಲ್ಲ. ಆಗ ಬಸ್ಸಿನ ಲೆಕ್ಕವೇ ಮತ್ತೆ ಬರುತ್ತದೆ. ಒಂದು ಮ್ಯಾಪು ಎಷ್ಟು ಸುತ್ತು, ಇನ್ನೊಂದು ಎಷ್ಟು ಸುತ್ತು, ಆ ಎರಡರ ವ್ಯತ್ಯಾಸದಷ್ಟು ಕೂಡುಬಿಂದುಗಳು ಉಳಿಯಲೇಬೇಕು, ಉಳಿದವನ್ನೆಲ್ಲ ತೆಗೆಯಬಹುದು. ಬರೆದು ಮುಗಿಸುವ ಹೊತ್ತಿಗೆ ಏಪ್ರಿಲ್ ಕಳೆಯಿತು. ಈ ಸಲ ಅವಳು ಪ್ರತಿ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಬರೆದಳು: ಯಾವುದು ಕದಲಿತು? ಯಾಕೆ ಕದಲಬಹುದು?

ಎರಡು ತೂತಿನ ಹಾಳೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅಲ್ಲೊಂದು ಜೋಡಿ ಮ್ಯಾಪಿಗೆ ಎರಡೇ ಕೂಡುಬಿಂದು ಉಳಿದಿದ್ದವು. ಲೆಕ್ಕದಲ್ಲಿ ಒಂದಕ್ಕೆ ಕೂಡುವ ಚಿಹ್ನೆ, ಇನ್ನೊಂದಕ್ಕೆ ಕಳೆಯುವ ಚಿಹ್ನೆ. ಎರಡೂ ಸೇರಿ ಸೊನ್ನೆ. ಅಂಥ ಎರಡನ್ನು ಒಂದರ ಹತ್ತಿರ ಒಂದು ತಂದು ಹೊಡೆದುಹಾಕುವುದು ಈ ಶಾಸ್ತ್ರದ ಮಾಮೂಲು ವಿದ್ಯೆ. ಮೇ ತಿಂಗಳಿಡೀ ಪ್ರಯತ್ನಿಸಿದಳು, ಜೂನಿಡೀ ಪ್ರಯತ್ನಿಸಿದಳು. ಪ್ರತಿ ಸಲವೂ ಒಂದನ್ನು ಇನ್ನೊಂದರ ಕಡೆ ಎಳೆದುಕೊಂಡು ಹೋಗುವ ದಾರಿ ತನಗೆ ತಾನೇ ಅಡ್ಡ ಬರುತ್ತಿತ್ತು. ಒಂದು ಜೋಡಿ ಹೋದರೆ ಹೊಸದೊಂದು ಜೋಡಿ ಹುಟ್ಟುತ್ತಿತ್ತು. ಸುಷ್ಮಿತಾ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಅಮ್ಮ ಹರಿದೆಸೆದ ಹಾಳೆಗಳನ್ನು ಆರಿಸಿ ಡಬ್ಬಕ್ಕೆ ಹಾಕುತ್ತಾ, "ಇವತ್ತಿಗೆ ಹತ್ತೊಂಬತ್ತು," ಎನ್ನುತ್ತಿದ್ದಳು.

ಜುಲೈ ಮೊದಲ ವಾರ ಕುವೆಂಪುನಗರದ ಜಗಲಿಯಲ್ಲಿ ಅವಳು ಸೀಮೆಸುಣ್ಣ ಕೆಳಗಿಟ್ಟಳು.

"ಸರ್, ಇವು ಹೋಗಲ್ಲ."

"ಇನ್ನೊಂದು ದಾರಿ ನೋಡಿ."

"ದಾರಿ ಸಿಗ್ತಿಲ್ಲ ಅಂತ ಹೇಳ್ತಿಲ್ಲ ಸರ್. ದಾರಿಯೇ ಇಲ್ಲ ಅಂತ ಹೇಳ್ತಿದೀನಿ. ಮನೆಯೊಳಗಾದ್ರೆ ಒಂದು ದಾರವನ್ನ ಇನ್ನೊಂದರ ಮೇಲಿಂದ ದಾಟಿಸಬಹುದು. ಹಾಳೆಯ ಮೇಲೆ ಎಲ್ಲಿ ದಾಟಿಸೋದು? ಮೇಲೆ ಕೆಳಗೆ ಅನ್ನೋದೇ ಇಲ್ಲವಲ್ಲ. ಇಷ್ಟು ದಿನ ಇವನ್ನ ತೆಗೆಯೋಕೆ ಹೆಣಗಾಡಿದೆ. ತೆಗೆಯೋಕೆ ಆಗಲ್ಲ ಅಂತ ಸಾಧಿಸಿ ತೋರಿಸ್ತೀನಿ."

ಸರ್ ಮುಖದಲ್ಲಿ ಆ ವರ್ಷ ಮೊದಲ ಸಲ ನಗು ಕಾಣಿಸಿತು. "ಅದು ಇನ್ನೂ ಕಷ್ಟ. ಒಂದು ದಾರಿ ತೋರಿಸೋಕೆ ಒಂದು ದಾರಿ ಸಾಕು. ಇಲ್ಲ ಅನ್ನೋಕೆ ಎಲ್ಲಾ ದಾರಿಗೂ ಉತ್ತರ ಹೇಳಬೇಕು."

"ಐವತ್ತೈದು ದಿನ ಇದೆ ಸರ್."

ಆ ಐವತ್ತೈದು ದಿನ ರಮಾಮಣಿ ಅವಳಿಗೆ ಒಂದು ತಟ್ಟೆ ಹೆಚ್ಚಿಗೆ ಹಾಕಿದರು. ಸಾಧನೆಯ ಮೊದಲ ರೂಪದಲ್ಲಿ ಸರ್ ತಪ್ಪು ಹಿಡಿದರು, ಎರಡನೆಯದರಲ್ಲಿ ಅವಳೇ ಹಿಡಿದಳು. ಆಗಸ್ಟ್ ಹದಿನೆಂಟರ ಬೆಳಿಗ್ಗೆ ಆರೂವರೆಗೆ, ಒಲೆಯ ಮೇಲೆ ಹಾಲು ಕಾಯುತ್ತಿರುವಾಗ, ಕೊನೆಯ ಅಡ್ಡದಾರಿಯೂ ಮುಚ್ಚಿತು. ಎಷ್ಟು ಸರಿಸಿದರೂ ಆ ಜೋಡಿ ಮ್ಯಾಪಿನಲ್ಲಿ ಕೂಡುಬಿಂದು ಉಳಿದೇ ಉಳಿಯುತ್ತದೆ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಅವಳು ಒಲೆ ಆರಿಸಿ, ಬಟ್ಟೆ ತೆಗೆದುಕೊಂಡು ಒರೆಸುತ್ತಾ ಸಾಧನೆಯನ್ನು ಮೊದಲಿನಿಂದ ಕೊನೆಯವರೆಗೆ ಬಾಯಲ್ಲಿ ಹೇಳಿಕೊಂಡಳು. ಎಲ್ಲೂ ತಡೆಯಲಿಲ್ಲ.

ಹೊಸ ಥೀಸಿಸ್ಸು ಹಳೆಯದಕ್ಕಿಂತ ಇಪ್ಪತ್ತೇಳು ಪುಟ ಕಡಿಮೆ. ಒಂದು ತೂತಿಗೆ ಪೂರ್ತಿ ಉತ್ತರ, ಎರಡು ತೂತಿಗೆ ಒಂದು ಉದಾಹರಣೆ, ಅದಕ್ಕಿಂತ ಹೆಚ್ಚಿನದಕ್ಕೆ "ಗೊತ್ತಿಲ್ಲ" ಎಂದು ಸ್ಪಷ್ಟವಾಗಿ ಬರೆದ ಒಂದು ಪುಟ. ಕೃತಜ್ಞತೆಯಲ್ಲಿ ಅನುಪಮಾಳ ಹೆಸರು, ಅವಳು ಕೇಳಿದ ಪ್ರಶ್ನೆಯ ಸಮೇತ. ಆಗಸ್ಟ್ ಇಪ್ಪತ್ತೊಂಬತ್ತಕ್ಕೆ ಸಿದ್ದಪ್ಪಾಜಿ ಐದು ಪ್ರತಿಗಳಿಗೆ ಸೀಲು ಹೊಡೆದರು. "ಇದನ್ನ ವಾಪಸ್ ಕೇಳಲ್ಲ ತಾನೇ ಮೇಡಂ?" ಅಂದರು.

"ತಪ್ಪಿದ್ರೆ ಕೇಳ್ತೀನಿ ಸರ್."

ಡಿಸೆಂಬರಿನಲ್ಲಿ ವೈವಾ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಮೊದಲ ಥೀಸಿಸ್ಸಿಗೆ ಒಳ್ಳೆಯ ವರದಿ ಕೊಟ್ಟವರೇ. ಎರಡು ಗಂಟೆ ಪ್ರಶ್ನೆ ಕೇಳಿದರು. ಕಡೆಗೆ ಅಂದರು, "ಆ ತಪ್ಪು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನೀವು ಸುಮ್ಮನಿದ್ದಿದ್ದರೆ ಮಾರ್ಚಿನಲ್ಲೇ ಈ ಕುರ್ಚಿಯಲ್ಲಿ ಕೂತು ಪಾಸಾಗುತ್ತಿದ್ದಿರಿ. ಬೇಸರ ಇಲ್ಲವಾ?"

"ಕೆಲಸ ಹೋಗಿದ್ದಕ್ಕೆ ಬೇಸರ ಇದೆ ಸರ್. ಥೀಸಿಸ್ ವಾಪಸ್ ತಗೊಂಡಿದ್ದಕ್ಕೆ ಇಲ್ಲ."

ಹಿಂದಿನ ಸಾಲಿನಲ್ಲಿ ಕೂತಿದ್ದ ಬೀರಯ್ಯನಿಗೆ ಇಂಗ್ಲಿಷಿನಲ್ಲಿ ನಡೆದ ಮಾತೆಲ್ಲ ತಿಳಿದಿರಲಿಲ್ಲ. ಜನ ಚಪ್ಪಾಳೆ ತಟ್ಟಿದಾಗ ಅವರೂ ತಟ್ಟಿದರು, ಎಲ್ಲರೂ ನಿಲ್ಲಿಸಿದ ಮೇಲೂ ಒಂದೆರಡು ಸಲ ತಟ್ಟಿದರು.

ಅವಳ ಕೆಲಸದ ಸ್ಥಿತಿ ಬದಲಾಗಲಿಲ್ಲ. ಮುಂದಿನ ವರ್ಷವೂ ಅತಿಥಿ ಉಪನ್ಯಾಸಕಿಯ ಆದೇಶವೇ ಬಂತು. ಹೆಸರಿನ ಹಿಂದೆ ಮಾತ್ರ ಡಾಕ್ಟರ್ ಸೇರಿತ್ತು. ಎರಡು ತೂತಿನ ಉದಾಹರಣೆಯನ್ನು ಲೇಖನವಾಗಿ ಬರೆದು ಒಂದು ಪತ್ರಿಕೆಗೆ ಕಳಿಸಿದಳು, ಅದು ಅಚ್ಚಾಯಿತು. ಮೂರು ತಿಂಗಳಾದ ಮೇಲೆ ಬ್ರೆಜಿಲಿನಿಂದ ಒಬ್ಬ ಗಣಿತಜ್ಞೆಯ ಇಮೇಲ್ ಬಂತು. ಲೇಖನ ಓದಿದೆ, ಸಾಧನೆಯನ್ನು ಸಾಲುಸಾಲಾಗಿ ನೋಡಿದೆ, ಸರಿಯಾಗಿದೆ. ಮೂರು ತೂತಿದ್ದಾಗ ಏನಾಗುತ್ತದೆ, ನಿಮಗೆ ಗೊತ್ತಿದೆಯೇ ಎಂದು ಕೇಳಿದ್ದಳು.

ಸುಚಿತ್ರಾ ಸ್ಟಾಫ್ ರೂಮಿನಲ್ಲಿ ಕೂತು ಉತ್ತರ ಬರೆದಳು: "ಇನ್ನೂ ಗೊತ್ತಿಲ್ಲ. ಇವತ್ತು ಬೆಳಿಗ್ಗೆಯಿಂದ ಶುರು ಮಾಡಿದ್ದೇನೆ. ನೀವೂ ಸೇರುತ್ತೀರಾ?"